ಬರೀ ಬಯಲೆಂದವರು ಯಾರು?

ಹೊಳವನಹಳ್ಳಿಯ ಬಸ್ ನಿಲ್ದಾಣದಲ್ಲಿ ನಿಂತು, ಮೈದನಹಳ್ಳಿಗೆ ಹೋಗುವುದು ಹೇಗೆಂದು ಯಾರನ್ನಾದರೂ ಕೇಳಿ ನೋಡಿ. ದಾರಿ ಹೇಳುವ ಮೊದಲು ಅವರೇ ನಿಮ್ಮನ್ನೊಂದು ಪ್ರಶ್ನೆ ಕೇಳಿಯಾರು: ‘ಅಲ್ಲೇನೈತೆ ಸ್ವಾಮಿ ನೋಡಾಕೆ? ಬರೀ ಬಯ್ಲು.’

ಈ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಕಾಡುಪ್ರಾಣಿ ನೋಡಬೇಕೆಂದರೆ ನಾವು ಹೋಗುವುದು ಬಂಡೀಪುರಕ್ಕೆ, ನಾಗರಹೊಳೆಗೆ. ಕಾಡು ಎಂದೊಡನೆ ಕಣ್ಣ ಮುಂದೆ ಬರುವುದು ದಟ್ಟ ಮರ, ಮರದ ಸಂದಿಯಲ್ಲಿ ಆನೆ, ಅದೃಷ್ಟವಿದ್ದರೆ ಹುಲಿ. ತುಮಕೂರು ಜಿಲ್ಲೆಯ ಉತ್ತರದ ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಅದೂ ಬರದ ಸುದ್ದಿಯ ನಡುವೆ. ಅಲ್ಲಿಗೆ ಪ್ರಾಣಿ ನೋಡಲು, ಜನರ ಹಾಡು ಕೇಳಲು ಹೋಗಿಬರಬಹುದು ಎಂದು ಹೊಳೆಯುವುದೇ ಇಲ್ಲ.

ಆದರೆ ಒಣನೆಲವನ್ನೇ ನೋಡಲೆಂದು ಜನ ಬರುವ ಜಾಗಗಳು ಜಗತ್ತಿನಲ್ಲಿವೆ. ಆಸ್ಟ್ರೇಲಿಯಾ ಖಂಡದ ನಡುಮಧ್ಯದಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿದೆ. ಸುತ್ತ ನೂರಾರು ಕಿಲೋಮೀಟರ್ ಕೆಂಪು ಮಣ್ಣು, ಮುಳ್ಳುಹುಲ್ಲು. ಅಲ್ಲಿ 1997ರಲ್ಲಿ ‘ಡೆಸರ್ಟ್ ಪಾರ್ಕ್’ ಎಂಬ ಮರುಭೂಮಿ ವನ್ಯಜೀವಿ ಉದ್ಯಾನವನ್ನು ತೆರೆದರು. ಒಣಗಿದ ಹೊಳೆಯ ಪಾತ್ರ, ಮರಳುನೆಲ, ಕುರುಚಲು ಕಾಡು ಎಂದು ಮೂರು ಭಾಗ. ಉದ್ದ ಕಿವಿಯ ಬಿಲ್ಬಿಯಂಥ, ಬೇರೆ ಖಂಡಗಳಲ್ಲಿಲ್ಲದ ಪ್ರಾಣಿಗಳನ್ನು ಅವುಗಳ ನೆಲೆಯೊಂದಿಗೇ ತೋರಿಸುತ್ತಾರೆ. ಆ ನೆಲದ ಮೂಲನಿವಾಸಿಗಳಾದ ಅರೆರ್ಂಟೆ ಜನ, ಯಾವ ಬೀಜ ತಿನ್ನಲು ಬರುತ್ತದೆ, ಯಾವ ಗಿಡ ಔಷಧಿ, ಒಣಹೊಳೆಯಲ್ಲಿ ಎಲ್ಲಿ ಬಗೆದರೆ ನೀರು ಸಿಗುತ್ತದೆ ಎಂಬುದನ್ನು ಬಂದವರಿಗೆ ವಿವರಿಸುತ್ತಾರೆ. ಪ್ರಾಣಿ, ಗಿಡ, ಜನ ಮೂರನ್ನೂ ಒಟ್ಟಿಗೆ ನೋಡಿದರೆ ಮಾತ್ರ ಒಣನೆಲ ಅರ್ಥವಾಗುತ್ತದೆ ಎಂಬುದು ಆ ಉದ್ಯಾನ ಕಲಿಸುವ ಪಾಠ.

ನಮ್ಮ ಈ ನಾಲ್ಕು ತಾಲ್ಲೂಕುಗಳಲ್ಲಿ ಅಂಥ ಉದ್ಯಾನವಿಲ್ಲ. ಆದರೆ ಅದರೊಳಗೆ ಇಡಬೇಕಾದ ಎಲ್ಲವೂ ಇಲ್ಲಿ ಬೇಲಿಯಿಲ್ಲದೆ ಬಿದ್ದುಕೊಂಡಿದೆ. ಹಾಗೆ ಬಿದ್ದುಕೊಂಡಿರುವುದರಿಂದಲೇ ಅದು ಕಳೆದುಹೋಗುವ ಭಯವೂ ಇದೆ.

ಮಳೆ ಮರೆಯ ಸೀಮೆ

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಇದು ಮರುಭೂಮಿಯಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಪಾವಗಡದಂಥ ತೀರ ಒಣ ತಾಲ್ಲೂಕಿನಲ್ಲೂ ಅದರ ಇಮ್ಮಡಿಯಷ್ಟು ಮಳೆ ಬೀಳುತ್ತದೆ. ಆದರೆ ಅದೇ ರಾಜ್ಯದ ಆಗುಂಬೆಯಲ್ಲಿ 7,000 ಮಿಲಿಮೀಟರ್ ದಾಟುತ್ತದೆ ಎಂಬುದನ್ನು ನೆನೆದರೆ ಈ ಸೀಮೆಯ ಬಡತನ ತಿಳಿಯುತ್ತದೆ. ನೈರುತ್ಯದ ಮಳೆಮೋಡಗಳು ಪಶ್ಚಿಮ ಘಟ್ಟಕ್ಕೆ ಬಡಿದು, ತಮ್ಮಲ್ಲಿದ್ದುದನ್ನು ಅಲ್ಲೇ ಸುರಿದು, ಬರಿಗೈಯಲ್ಲಿ ಇತ್ತ ಬರುತ್ತವೆ. ಬಿದ್ದ ಮಳೆಯೂ ಹದವಾಗಿ ಬೀಳುವುದಿಲ್ಲ. ನಾಲ್ಕು ದಿನ ಧೋ ಎಂದು ಸುರಿದು ನಲವತ್ತು ದಿನ ಮಾಯವಾಗುತ್ತದೆ.

ಇದರ ಜೊತೆಗೆ ಮೇಲುಮಣ್ಣು ತೆಳು, ಅದರಡಿ ಬಂಡೆ. ಇಂಥ ಕಡೆ ದಟ್ಟ ಮರಕ್ಕೆ ಬೇಕಾದ ತೇವ ಮಣ್ಣಿನಲ್ಲಿ ನಿಲ್ಲುವುದಿಲ್ಲ. ಹುಲ್ಲಿಗೆ ಮಾತ್ರ ಸಾಕಾಗುತ್ತದೆ. ಮಳೆ ಬಂದ ವಾರದಲ್ಲಿ ಚಿಗುರಿ, ಎರಡು ಮೂರು ತಿಂಗಳಲ್ಲಿ ಬೀಜ ಉದುರಿಸಿ, ಉಳಿದ ಕಾಲವೆಲ್ಲ ಬೇರಿನಲ್ಲಿ ಜೀವ ಹಿಡಿದು ಮಲಗುವುದು ಹುಲ್ಲಿನ ಜಾಣತನ. ನಡುನಡುವೆ ಜಾಲಿ, ಕಾರೆ, ಬಾರೆ, ತಂಗಡಿ. ಹುಲ್ಲು ಮಲಗಿರುವ ಆ ಎಂಟು ಒಂಬತ್ತು ತಿಂಗಳಲ್ಲಿ ನೋಡಿದವರು ಇದನ್ನು ಬರಡು ಎಂದುಕೊಳ್ಳುತ್ತಾರೆ. ಇಂಥ ಬಯಲುಗಳೆಲ್ಲ ಹಿಂದೆ ಕಾಡಾಗಿದ್ದು ಹಾಳಾದವು ಎಂದೇ ಬಹುಕಾಲ ನಂಬಲಾಗಿತ್ತು. ನಮ್ಮ ದೇಶದ ಹುಲ್ಲುಬಯಲುಗಳಲ್ಲಿ ಎಷ್ಟೋ ಮೊದಲಿನಿಂದಲೂ ಹುಲ್ಲುಬಯಲುಗಳೇ ಎಂದು ಪರಿಸರ ವಿಜ್ಞಾನಿಗಳು ಈಗ ಹೇಳುತ್ತಿದ್ದಾರೆ. ಇಲ್ಲಿನ ಪ್ರಾಣಿಗಳ ಮೈಕಟ್ಟು ಈ ಮಾತಿಗೆ ಸಾಕ್ಷಿ. ಅವು ಮರದ ಮರೆಯಲ್ಲಿ ಅಡಗುವ ಪ್ರಾಣಿಗಳಲ್ಲ, ಬಯಲಿನಲ್ಲಿ ಓಡುವ ಪ್ರಾಣಿಗಳು.

ಮರಳೊಳಗಿನ ನೀರು

ಹೊಳವನಹಳ್ಳಿ ಪಾಳೆಯಗಾರರ ಕಾಲದಿಂದ ಹೆಸರಿದ್ದ ಊರು. ಅದು ಇರುವುದು ಜಯಮಂಗಲಿ ನದಿಯ ಬಲದಂಡೆಯಲ್ಲಿ. ತುಮಕೂರಿನ ಬಳಿಯ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು, ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳನ್ನು ದಾಟಿ, ಆಂಧ್ರದ ಗಡಿಯತ್ತ ಸಾಗಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಹರಿದು ಎಂದದ್ದು ಮಾತಿಗೆ. ವರ್ಷದ ಬಹುಪಾಲು ಇಲ್ಲಿ ಕಾಣುವುದು ನೀರಲ್ಲ, ಮರಳಿನ ಹಾಸು.

ಆದರೆ ನೀರು ಇರಲಿಲ್ಲವೆಂದಲ್ಲ. ಅದು ಮರಳಿನೊಳಗಿತ್ತು. ಈ ಸೀಮೆಗೇ ವಿಶಿಷ್ಟವಾದ ‘ತಲಪರಿಗೆ’ಗಳ ಗುಟ್ಟು ಇದೇ. ಮರಳುಮಿಶ್ರಿತ ನೆಲದಲ್ಲಿ, ಮುಖ್ಯವಾಗಿ ಕೆರೆಗಳ ಕೆಳಗೆ ಮತ್ತು ಹೊಳೆಯ ಅಕ್ಕಪಕ್ಕ, ಕೆಲವೇ ಅಡಿ ಆಳದಲ್ಲಿ ನೀರು ತಾನಾಗಿ ಜಿನುಗುವ ಊಟೆಗಳಿವೆ. ಅಂಥ ಜಾಗವನ್ನು ಗುರುತಿಸಿ, ಬಗೆದು, ಸುತ್ತ ಕಲ್ಲು ಕಟ್ಟಿ, ಜಿನುಗಿದ ನೀರನ್ನು ಸಣ್ಣ ಕಾಲುವೆಯಲ್ಲಿ ಹೊಲಗದ್ದೆಗೆ ಹಾಯಿಸುತ್ತಿದ್ದರು. ಏತವೂ ಬೇಡ, ಕಪಿಲೆಯೂ ಬೇಡ. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ನೋಡಿಕೊಳ್ಳುತ್ತಿದ್ದ. ಹೂಳು ತೆಗೆಯುವಾಗ ಮನೆಗೊಂದಾಳು ಬರಬೇಕು. ಗಂಗಮ್ಮನ ಪೂಜೆಯೂ ಅಲ್ಲೇ. ಬಿ.ಎಲ್. ರೈಸ್ 19ನೇ ಶತಮಾನದ ಕೊನೆಯ ಭಾಗದಲ್ಲಿ ಸಿದ್ಧಪಡಿಸಿದ ಮೈಸೂರು ಗೆಜೆಟಿಯರಿನಲ್ಲೇ ಈ ತಲಪರಿಗೆಗಳ ಪ್ರಸ್ತಾಪವಿದೆ. ನಮ್ಮ ಕಾಲದಲ್ಲಿ ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಊರೂರು ತಿರುಗಿ ಇವುಗಳ ಕಥೆಯನ್ನು ದಾಖಲಿಸಿದ್ದಾರೆ.

ಆಸ್ಟ್ರೇಲಿಯಾದ ಒಣಹೊಳೆಯಲ್ಲಿ ನೀರು ಬಗೆಯುವ ಜನರನ್ನು ನೆನೆಸಿಕೊಳ್ಳಿ. ಸಾವಿರಾರು ಮೈಲು ದೂರದ ಎರಡು ಜನಸಮುದಾಯಗಳು ಒಂದೇ ಬಗೆಯ ನೆಲವನ್ನು ಒಂದೇ ಬಗೆಯಲ್ಲಿ ಓದಿಕೊಂಡಿವೆ. ವ್ಯತ್ಯಾಸವೆಂದರೆ, ಅಲ್ಲಿ ಆ ತಿಳಿವಳಿಕೆಯನ್ನು ಟಿಕೆಟ್ ಕೊಟ್ಟು ಕೇಳಿ ತಿಳಿಯುತ್ತಾರೆ. ಇಲ್ಲಿ ಕೊಳವೆಬಾವಿ ಬಂದ ಮೇಲೆ ಅದನ್ನು ಕೇಳುವವರೇ ಕಡಿಮೆಯಾದರು. ಕೊಳವೆಬಾವಿಗಳು ನೂರಾರು ಅಡಿ ಕೆಳಗಿನ ನೀರನ್ನು ಎಳೆಯತೊಡಗಿದಾಗ ಮೇಲಿನ ಊಟೆಗಳು ಒಂದೊಂದಾಗಿ ನಿಂತವು. ನೀರನ್ನು ಹಿಡಿದಿಡುತ್ತಿದ್ದ ಮರಳು ಲಾರಿ ಹತ್ತಿ ಪೇಟೆಗೆ ಹೋಯಿತು. ಹೂಳು ತುಂಬಿದ ತಲಪರಿಗೆಗಳು ಈಗಲೂ ಹಲವು ಊರುಗಳಲ್ಲಿವೆ. ತೆಗೆಸಿದ ಕಡೆ ಕೆಲವಕ್ಕೆ ಮತ್ತೆ ಜೀವ ಬಂದದ್ದೂ ಇದೆ.

ಕರಿ ಕೋಟು ತೊಟ್ಟ ಯಜಮಾನ

ಜಯಮಂಗಲಿಯ ಹರಿವಿನ ದಿಕ್ಕನ್ನೇ ಹಿಡಿದು ಉತ್ತರಕ್ಕೆ, ಮಧುಗಿರಿ ತಾಲ್ಲೂಕಿನ ಈಶಾನ್ಯದ ತುದಿಗೆ ಹೋದರೆ ಮೈದನಹಳ್ಳಿಯ ಬಯಲು. ಹಿಂದೂಪುರ ಇಲ್ಲಿಂದ ಸುಮಾರು 20 ಕಿ.ಮೀ. ಆಚೆಗಿರುವುದು 2022ರಲ್ಲಿ ಅನಂತಪುರದಿಂದ ಬೇರೆಯಾದ ಶ್ರೀ ಸತ್ಯಸಾಯಿ ಜಿಲ್ಲೆ. ಸುಮಾರು 798 ಎಕರೆಯ ಈ ಹುಲ್ಲುಬಯಲನ್ನು 2007ರಲ್ಲಿ ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶ’ ಎಂದು ಸರ್ಕಾರ ಘೋಷಿಸಿತು. ಅದಕ್ಕೂ ಮೊದಲು ವರ್ಷಗಟ್ಟಲೆ ಇಲ್ಲಿನ ಪ್ರಾಣಿಪಕ್ಷಿಗಳನ್ನು ಗಮನಿಸಿ, ಲೆಕ್ಕವಿಟ್ಟು, ಇಲಾಖೆಯ ಗಮನಕ್ಕೆ ತಂದವರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್ಬಿನ ಹವ್ಯಾಸಿಗಳು ಮುಖ್ಯರು. ರಾಣೆಬೆನ್ನೂರನ್ನು ಬಿಟ್ಟರೆ ರಾಜ್ಯದಲ್ಲಿ ಕೃಷ್ಣಮೃಗಗಳು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ಬಯಲೆಂದರೆ ಇದೇ.

ಕೃಷ್ಣಮೃಗದ ಗಂಡು, ನೋಡಿದವರು ಮರೆಯದ ಪ್ರಾಣಿ. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣ ಸುತ್ತ ಬಿಳಿ ಉಂಗುರ, ತಲೆಯ ಮೇಲೆ ತಿರುಪು ಹಾಕಿದಂಥ ಎರಡು ಕೊಂಬು. ಮದುವೆ ಮನೆಯ ಬಾಗಿಲಲ್ಲಿ ಕರಿ ಕೋಟು ತೊಟ್ಟು ನಿಂತ ಯಜಮಾನನ ಗತ್ತು ಅದರದು. ಹೆಣ್ಣಿಗೂ ಮರಿಗೂ ಒಣಹುಲ್ಲಿನ ಬಣ್ಣ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಬಲಿಷ್ಠ ಗಂಡು ಬಯಲಿನಲ್ಲಿ ಒಂದು ತುಂಡು ಜಾಗವನ್ನು ತನ್ನದೆಂದು ಗುರುತಿಸಿಕೊಳ್ಳುತ್ತದೆ. ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡುವುದು, ಕಣ್ಣಿನ ಬಳಿಯ ಗ್ರಂಥಿಯಿಂದ ಒಸರುವ ದ್ರವವನ್ನು ಕಡ್ಡಿಗೆ ಸವರುವುದು, ಇವೇ ಅದರ ಗಡಿಕಲ್ಲುಗಳು. ಬೇರೊಂದು ಗಂಡು ಗಡಿ ದಾಟಿದರೆ ತಲೆ ಎತ್ತಿ, ಕೊಂಬು ಬೆನ್ನಿಗೆ ತಾಗಿಸಿ, ಬಿಗುಮಾನದಿಂದ ಎದುರು ನಡೆಯುತ್ತದೆ. ಬಹುಪಾಲು ಜಗಳ ಇಷ್ಟಕ್ಕೇ ಮುಗಿಯುತ್ತದೆ.

ಅಪಾಯ ಕಂಡರೆ ಹಿಂಡಿನಲ್ಲೊಂದು ಪಟ್ಟನೆ ಮೇಲಕ್ಕೆ ನೆಗೆಯುತ್ತದೆ. ಉಳಿದವೂ ನೆಗೆಯುತ್ತವೆ. ಆಮೇಲೆ ಓಟ. ಗಂಟೆಗೆ 80 ಕಿ.ಮೀ. ವೇಗ ಮುಟ್ಟಬಲ್ಲ ಈ ಓಟ ಯಾರಿಗಾಗಿ ಎಂದು ಯೋಚಿಸಿದರೆ ಇತಿಹಾಸದ ಒಂದು ಪುಟ ತೆರೆದುಕೊಳ್ಳುತ್ತದೆ. ತೋಳ ಅಷ್ಟು ವೇಗವಾಗಿ ಓಡಲಾರದು. ಅಷ್ಟು ಓಡಬಲ್ಲದ್ದು ಚೀತಾ. ರಾಜಮಹಾರಾಜರು ಚೀತಾಗಳನ್ನು ಪಳಗಿಸಿ ಕೃಷ್ಣಮೃಗದ ಬೇಟೆಗೆ ಬಿಡುತ್ತಿದ್ದ ಕಾಲವಿತ್ತು. ನಮ್ಮ ದೇಶದ ಕೊನೆಯ ಚೀತಾಗಳೆಂದು ದಾಖಲಾದ ಮೂರನ್ನು 1947ರಲ್ಲಿ ಮಧ್ಯಭಾರತದ ಕೊರಿಯಾ ಸಂಸ್ಥಾನದಲ್ಲಿ ಗುಂಡಿಟ್ಟು ಕೊಲ್ಲಲಾಯಿತು. 1952ರಲ್ಲಿ ಚೀತಾ ದೇಶದಿಂದ ಅಳಿಯಿತೆಂದು ಸಾರಲಾಯಿತು. 2022ರಲ್ಲಿ ನಮೀಬಿಯಾದಿಂದ ಕೂನೋ ಕಾಡಿಗೆ ತಂದವು ಆಫ್ರಿಕಾದ ಚೀತಾಗಳು. ಬೆನ್ನಟ್ಟುವವನು ಹೋಗಿ ಮುಕ್ಕಾಲು ಶತಮಾನವಾದರೂ ಕೃಷ್ಣಮೃಗ ಅದೇ ಓಟ ಓಡುತ್ತಿದೆ.

ಇಂದು ಅದರ ಶತ್ರು ಬೀದಿನಾಯಿ. ಹುಲ್ಲಿನಲ್ಲಿ ಅಡಗಿಸಿಟ್ಟ ಎಳೆಮರಿ ನಾಯಿಗಳ ಹಿಂಡಿಗೆ ಸುಲಭದ ತುತ್ತು. ಸುತ್ತಲಿನ ರೈತರಿಗೆ ಮಾತ್ರ ಕೃಷ್ಣಮೃಗವೇ ತಲೆನೋವು. ಕಡಲೆಕಾಯಿ ಗಿಡ ಮೂರೆಲೆ ಬಿಟ್ಟಾಗ ರಾತ್ರೋರಾತ್ರಿ ಹಿಂಡು ಬಂದು ಮೇಯ್ದರೆ, ಮಳೆಯನ್ನೇ ನಂಬಿ ಸಾಲ ಮಾಡಿ ಬಿತ್ತಿದವನಿಗೆ ಅದರ ಕೊಂಬಿನ ಚೆಲುವು ಕಾಣಿಸಬೇಕು ಎನ್ನುವುದು ನ್ಯಾಯವಲ್ಲ. ಆದರೂ ಈ ಸೀಮೆಯಲ್ಲಿ ಜಿಂಕೆಗಳು ಉಳಿದು ಬಂದಿವೆ ಎಂದರೆ, ಅದರ ಬೆಲೆಯಲ್ಲಿ ಒಂದು ಪಾಲನ್ನು ಈ ರೈತರು ಕೊಟ್ಟಿದ್ದಾರೆ ಎಂದೇ ಅರ್ಥ.

ಮೈದನಹಳ್ಳಿಯನ್ನು ‘ಅಭಯಾರಣ್ಯ’ ಎನ್ನದೆ ‘ಸಂರಕ್ಷಣಾ ಮೀಸಲು’ ಎಂದು ಕರೆದದ್ದಕ್ಕೂ ಕಾರಣವಿದೆ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿ ಈ ಹೊಸ ವರ್ಗವನ್ನು ತಂದಿತು. ಸರ್ಕಾರಿ ಜಮೀನನ್ನು, ಸುತ್ತಲಿನ ಜನರೊಡನೆ ಸಮಾಲೋಚಿಸಿ, ಹೀಗೆ ಘೋಷಿಸಬಹುದು. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗಳಿಗೂ ಜಾಗವಿದೆ. ಊರಿನವರನ್ನು ಹೊರಗಟ್ಟಿ ಪ್ರಾಣಿಯನ್ನು ಉಳಿಸುವ ಬದಲು, ಊರಿನವರ ಜೊತೆಗೇ ಉಳಿಸುವ ಪ್ರಯತ್ನವಿದು. ಕಾಗದದ ಮೇಲಿನ ಈ ಮಾತು ನೆಲದ ಮೇಲೂ ನಡೆದರೆ ಮಾತ್ರ ಫಲ.

ರಾಜಸ್ತಾನದ ಪ್ರಾಣಿ ಶಿರಾದಲ್ಲಿ

ಮೈದನಹಳ್ಳಿಯಿಂದ ಪಶ್ಚಿಮಕ್ಕೆ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಗೆ ಬಂದರೆ ನೆಲದ ರೂಪ ಬದಲಾಗುತ್ತದೆ. ಇಲ್ಲಿ ಕಲ್ಲುಗುಡ್ಡ, ಕಮರದ ಮರ, ತುಗ್ಗಲಿ, ನಡುವೆ ಹುಲ್ಲು. ಈ ಕುರುಚಲು ಕಾಡಿನಲ್ಲಿ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಮತ್ತು ಅವರ ತಂಡ ಚಿರತೆಗಳ ಅಧ್ಯಯನಕ್ಕೆಂದು ಸ್ವಯಂಚಾಲಿತ ಕ್ಯಾಮೆರಾಗಳನ್ನು ಕಟ್ಟಿದ್ದರು. ಚಿರತೆಯ ಜೊತೆಗೆ ಸೆರೆಸಿಕ್ಕಿದ್ದು ಚಿಂಕಾರ. ಚಿಂಕಾರ ಎಂದರೆ ರಾಜಸ್ತಾನದ ಥಾರ್ ಮರುಭೂಮಿಯಲ್ಲಿ ಹೆಸರಾದ ಸಣ್ಣ ಹುಲ್ಲೆ. ಇದರಲ್ಲಿ ಹೆಣ್ಣಿಗೂ ಕೊಂಬುಂಟು. ತಿನ್ನುವ ಎಲೆಯ ತೇವ, ಮೇಲಿನ ಇಬ್ಬನಿ ಇವುಗಳಿಂದಲೇ ದಾಹ ತೀರಿಸಿಕೊಂಡು ನೀರು ಕುಡಿಯದೆ ದೀರ್ಘಕಾಲ ಇರಬಲ್ಲದು.

2019ರಲ್ಲಿ ಇಲ್ಲಿನ ಸುಮಾರು 136 ಚದರ ಕಿ.ಮೀ. ಕಾಡನ್ನು ‘ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿಧಾಮ’ ಎಂದು ಘೋಷಿಸಲಾಯಿತು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ನಂತರ ಚಿಂಕಾರಕ್ಕೆಂದೇ ರಾಜ್ಯದಲ್ಲಿ ಮೀಸಲಾದ ಜಾಗವಿದು. ಚಿಂಕಾರ, ಕೃಷ್ಣಮೃಗ, ಕೊಂಡುಕುರಿ, ಮೂರೂ ಇಲ್ಲಿವೆ. ಕೊಂಡುಕುರಿಯ ಗಂಡಿಗೆ ನಾಲ್ಕು ಕೊಂಬು. ಥಾರ್ ಮರುಭೂಮಿಯ ಬಿಷ್ಣೋಯಿ ಜನ ಜಿಂಕೆಗಳನ್ನು ಮನೆಮಕ್ಕಳಂತೆ ಕಾಯುವುದನ್ನು ನಾವು ಬೆರಗಿನಿಂದ ಓದುತ್ತೇವೆ. ಅದೇ ಪ್ರಾಣಿ ಶಿರಾ ತಾಲ್ಲೂಕಿನಲ್ಲಿ ಸದ್ದಿಲ್ಲದೆ ಬದುಕುತ್ತಿತ್ತು.

ಹಟ್ಟಿಯ ಹಾಡು

ಬಿಷ್ಣೋಯಿಗಳಂತೆ ಈ ಬಯಲಿಗೂ ತನ್ನದೇ ಜನರಿದ್ದಾರೆ. ಶಿರಾ, ಮಧುಗಿರಿ, ಪಾವಗಡ ಮತ್ತು ಪಕ್ಕದ ಚಿತ್ರದುರ್ಗ ಜಿಲ್ಲೆಯ ಹಿರಿಯೂರು, ಚಳ್ಳಕೆರೆಗಳ ದಾರಿಯಲ್ಲಿ ‘ಗೊಲ್ಲರಹಟ್ಟಿ’ ಎಂದು ಕೊನೆಗೊಳ್ಳುವ ಊರಿನ ಫಲಕಗಳು ಮೇಲಿಂದ ಮೇಲೆ ಕಾಣುತ್ತವೆ. ಇವು ಕಾಡುಗೊಲ್ಲರ ನೆಲೆಗಳು. ಮುಖ್ಯ ಊರಿನಿಂದ ಸ್ವಲ್ಪ ದೂರದಲ್ಲಿ, ಹಿಂದೆಲ್ಲ ಸುತ್ತ ಕಾರೆ ಬಾರೆಯ ಮುಳ್ಳುಬೇಲಿ ಬಿಗಿದು, ಒಳಗೆ ಗುಡಿಸಲು, ಕುರಿದನಗಳ ರೊಪ್ಪ ಕಟ್ಟಿಕೊಂಡು ಬಾಳುತ್ತಿದ್ದರು. ತೋಳ, ಚಿರತೆಗಳ ನಡುವೆ ಕುರಿ ಸಾಕುವವರಿಗೆ ಮುಳ್ಳೇ ಕೋಟೆ. ಆ ಮುಳ್ಳಿಗೆ ಅವರ ನಂಬಿಕೆಯಲ್ಲೂ ಜಾಗವಿದೆ. ಚಳ್ಳಕೆರೆ ಸೀಮೆಯಲ್ಲಿ ನಡೆಯುವ ಕ್ಯಾತಪ್ಪನ ಪರಿಷೆಯಲ್ಲಿ ಬಾರೆಮುಳ್ಳಿನಿಂದಲೇ ಗುಡಿ ಕಟ್ಟುತ್ತಾರೆ. ಹರಕೆ ಹೊತ್ತ ಗಂಡಸರು ಬರಿಗಾಲಲ್ಲಿ ಅದನ್ನೇರಿ ತುದಿಯ ಕಳಶ ಇಳಿಸುತ್ತಾರೆ.

ಕಾಡುಗೊಲ್ಲರ ದೊಡ್ಡ ದೈವ ಜುಂಜಪ್ಪ. ಶಿರಾ ತಾಲ್ಲೂಕಿನ ಕಳುವರಹಳ್ಳಿ ಅವನ ಮುಖ್ಯ ನೆಲೆ. ದೈವವಾಗುವ ಮೊದಲು ಅವನೊಬ್ಬ ದನಗಾಹಿ. ಅವನ ಕಥೆ ರಾತ್ರಿಗಟ್ಟಲೆ ಹಾಡುವಷ್ಟು ದೊಡ್ಡದು. ಕಾಡಿನಲ್ಲಿ ಹುಟ್ಟಿದವನು, ದನಗಳ ನಡುವೆ ಬೆಳೆದವನು, ಹುಲ್ಲು ನೀರು ಅರಸಿ ಅಲೆದವನು. ಅವನ ಮೇಲೆ ಸೋದರಮಾವಂದಿರ ಮತ್ಸರ, ಅವರ ಕುತಂತ್ರ. ಅವನ ನೆಚ್ಚಿನ ಎತ್ತು ಬಡಮೈಲ. ಕಥೆ ಹಾಡುವಾಗ ಜೊತೆಗೆ ಊದುವ ವಾದ್ಯ ‘ಗಣೆ’, ಅಂದರೆ ಉದ್ದನೆಯ ಬಿದಿರಿನ ಕೊಳಲು. ಬಯಲಿನ ಗಾಳಿಗೆ ದನಿ ಕೊಟ್ಟಂತೆ ಗಂಭೀರವಾದ ಅದರ ನಾದವನ್ನು ಕತ್ತಲಾದ ಮೇಲೆ ಹಟ್ಟಿಯ ಬಳಿ ಕೇಳಬೇಕು.

ಜುಂಜಪ್ಪನ ಕಥೆಯನ್ನು ವಿದ್ವಾಂಸರು ಜನಪದ ಮಹಾಕಾವ್ಯವೆಂದು ಗುರುತಿಸಿ ಸಂಗ್ರಹಿಸಿದ್ದಾರೆ. ತೀ.ನಂ. ಶಂಕರನಾರಾಯಣ ಕಾಡುಗೊಲ್ಲರ ಸಂಪ್ರದಾಯಗಳನ್ನು ಆಳವಾಗಿ ಅಧ್ಯಯನ ಮಾಡಿದವರು. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಸಿರಿಯಜ್ಜಿ ಓದು ಬರಹ ಅರಿಯದವರು. ನೆನಪಿನಿಂದಲೇ ಲೆಕ್ಕವಿಲ್ಲದಷ್ಟು ಹಾಡು ಹಾಡಿದರು. ಕೃಷ್ಣಮೂರ್ತಿ ಹನೂರು ಅವನ್ನು ಸಂಗ್ರಹಿಸಿ ‘ಸಾವಿರದ ಸಿರಿಬೆಳಗು’ ಎಂಬ ಹೆಸರಿನಲ್ಲಿ ಹೊರತಂದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ಅಜ್ಜಿಗೆ ನಾಡೋಜ ಗೌರವ ನೀಡಿತು.

ದೇವರ ಹೆಸರಿನಲ್ಲಿ ಬಿಟ್ಟ ದನಗಳ ಹಿಂಡುಗಳೂ ಈ ಸೀಮೆಯಲ್ಲುಂಟು. ಕಾಡುಗೊಲ್ಲರಲ್ಲೂ ಮ್ಯಾಸಬೇಡರಲ್ಲೂ ಇರುವ ಈ ‘ದೇವರ ಎತ್ತು’ಗಳಿಗೆ ನೊಗ ಹೂಡುವಂತಿಲ್ಲ, ಮಾರುವಂತಿಲ್ಲ. ಅವುಗಳ ಹಿಂದೆಯೇ ಅಲೆದು ಕಾಯುವವನು ಕಿಲಾರಿ. ಕಾವಲಿನ ಹುಲ್ಲು ಇರುವ ತನಕ ಮಾತ್ರ ಈ ವ್ಯವಸ್ಥೆ ನಡೆಯುತ್ತದೆ. ಜಿಂಕೆ ಮೇಯುವುದೂ ಅದೇ ಹುಲ್ಲನ್ನು.

ಹಾಗೆಂದು ಹಟ್ಟಿಯ ಬದುಕನ್ನು ಚಿತ್ರಪಟದಂತೆ ನೋಡಿ ಮೆಚ್ಚಿ ಬಂದರೆ ಸಾಲದು. ಬಾಣಂತಿಯರನ್ನೂ ಮುಟ್ಟಾದವರನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಕೆಲವೆಡೆ ಇನ್ನೂ ಬಿಟ್ಟುಹೋಗಿಲ್ಲ. 2023ರ ಮಳೆಗಾಲದಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಊರ ಹೊರಗಿನ ಗುಡಿಸಲಿನಲ್ಲಿ ತಾಯಿಯೊಡನೆ ಇರಿಸಿದ್ದ ಹಸುಗೂಸು ತೀರಿಕೊಂಡಿತು. ಸಮುದಾಯದ ಒಳಗಿನಿಂದಲೇ ಇದನ್ನು ಪ್ರಶ್ನಿಸುವ ವಿದ್ಯಾವಂತ ಯುವಕ ಯುವತಿಯರಿದ್ದಾರೆ. ಹಾಡನ್ನು ಉಳಿಸಿಕೊಂಡು ಗುಡಿಸಲನ್ನು ಬಿಡುವುದು ಸಾಧ್ಯವೆಂಬುದು ಅವರ ವಾದ. ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಕಾಡುಗೊಲ್ಲರ ಬೇಡಿಕೆ ಹಳೆಯದು. 2020ರಲ್ಲಿ ಶಿರಾ ಉಪಚುನಾವಣೆಯ ಹೊತ್ತಿಗೆ ಸರ್ಕಾರ ಕಾಡುಗೊಲ್ಲ ಅಭಿವೃದ್ಧಿ ಮಂಡಳಿ ರಚಿಸುವುದಾಗಿ ಪ್ರಕಟಿಸಿತು.

‘ಖರಾಬು’ ಎಂಬ ಕಾಲಂ

ಕೃಷ್ಣಮೃಗ, ಚಿಂಕಾರ, ತೋಳ, ಕುರಿ, ದೇವರ ಎತ್ತು, ಗಣೆಯ ಹಾಡು, ಇವೆಲ್ಲ ಹುಲ್ಲು ಎಂಬ ಒಂದೇ ಬೇರಿಗೆ ಅಂಟಿಕೊಂಡಿವೆ. ಆದರೆ ಪಹಣಿಯಲ್ಲಿ ಹುಲ್ಲಿಗೆ ಕಾಲಂ ಇಲ್ಲ. ಉಳದ, ಬಿತ್ತದ ಜಾಗ ‘ಖರಾಬು’ ಎನಿಸಿಕೊಳ್ಳುತ್ತದೆ. ಸರ್ಕಾರಿ ನಕ್ಷೆಗಳಲ್ಲಿ ‘ಬಂಜರು’ ಆಗುತ್ತದೆ. ಹಾಗೆ ಕರೆದ ಮೇಲೆ ಅದನ್ನು ಬೇರೇನಾದರೂ ಮಾಡುವುದೇ ಉಪಕಾರವೆಂಬ ಭಾವನೆ ಬರುತ್ತದೆ.

ಮೊದಲ ಉಪಕಾರ ನೀಲಗಿರಿ. ಬರಡು ನೆಲವನ್ನು ಹಸಿರು ಮಾಡುವ ಉತ್ಸಾಹದಲ್ಲಿ ಮೈದನಹಳ್ಳಿಯ ಬಯಲಿನ ಭಾಗಗಳಲ್ಲೂ ನೀಲಗಿರಿ ನೆಟ್ಟರು. ಇನ್ನೂ ದೊಡ್ಡ ಪಾಠ ರಾಣೆಬೆನ್ನೂರಿನದು. 1974ರಲ್ಲಿ ಕೃಷ್ಣಮೃಗಕ್ಕೆಂದು ಘೋಷಿಸಿದ ಆ ಅಭಯಾರಣ್ಯದ ಬಹುಭಾಗವನ್ನು ಆವರಿಸಿದ್ದು ನೀಲಗಿರಿ ತೋಪು. ಬಯಲಿನ ದೊಡ್ಡ ಹಕ್ಕಿ ಎರೆಭೂತ ಅಲ್ಲಿ ಹಿಂದೆ ಕಾಣಸಿಗುತ್ತಿತ್ತು. ತೆರೆದ ನೋಟವೇ ಕಾವಲಾಗಿರುವ ಪ್ರಾಣಿಪಕ್ಷಿಗಳಿಗೆ ಸಾಲು ಮರ ನೆಡುವುದೆಂದರೆ ಮನೆಯ ಕಿಟಕಿಗೆ ಗೋಡೆ ಕಟ್ಟಿದಂತೆ. ಮರ ನೆಡುವುದು ಪುಣ್ಯವೇ ಹೌದು, ಆದರೆ ಎಲ್ಲಿ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು.

ಎರಡನೆಯದು ದೊಡ್ಡ ಯೋಜನೆಗಳು. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾದಿಟ್ಟ ಕಾವಲುಗಳಲ್ಲಿ ಚಳ್ಳಕೆರೆಯ ಕಡೆ ಸಾವಿರಾರು ಎಕರೆಯನ್ನು ಈ ಶತಮಾನದ ಮೊದಲ ದಶಕದ ಕೊನೆಯಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಲಾಯಿತು. ಮೇವಿಗೆ ಅದನ್ನೇ ನಂಬಿದ್ದವರ ಹೋರಾಟ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಪಾವಗಡದಲ್ಲಿ ತಿರುಮಣಿ ಸುತ್ತಿನ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ 2019ರ ಕೊನೆಗೆ ಪೂರ್ಣವಾಯಿತು. ಇಲ್ಲಿ ಜಮೀನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಹೊಸ ದಾರಿ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಆರಂಭವಾದ ಗುತ್ತಿಗೆ ಹಣ, ಸತತ ಬರದಲ್ಲಿ ಬೆಂದಿದ್ದ ಎಷ್ಟೋ ಮನೆಗಳಿಗೆ ಆಸರೆಯಾಯಿತು. ಇದನ್ನು ಅಲ್ಲಗಳೆಯಲಾಗದು. ಆದರೆ ಗುತ್ತಿಗೆ ಸಿಕ್ಕಿದ್ದು ಜಮೀನಿದ್ದವರಿಗೆ. ಕೊಯ್ಲಾದ ಹೊಲದಲ್ಲಿ, ಬೀಳುಬಿಟ್ಟ ಜಾಗದಲ್ಲಿ ಕುರಿ ಮೇಯಿಸುತ್ತಿದ್ದ ಭೂಹೀನರಿಗೆ ಸಿಕ್ಕಿದ್ದು ತಂತಿಬೇಲಿ. ತೋಳ, ನರಿ, ಗೌಜಲು, ನೆಲಗುಬ್ಬಿಗಳು ಅರ್ಜಿ ಹಾಕುವ ಕಚೇರಿ ಎಲ್ಲೂ ಇಲ್ಲ.

ಅಭಿವೃದ್ಧಿ ಬೇಡವೆಂದು ಹೇಳುವ ಹಕ್ಕು ಪೇಟೆಯಲ್ಲಿ ಕುಳಿತು ವಿದ್ಯುತ್ ಬಳಸುವ ನಮಗಿಲ್ಲ. ಆದರೆ ಯಾವುದನ್ನು ಕೊಟ್ಟು ಯಾವುದನ್ನು ಪಡೆದೆವು ಎಂಬ ಲೆಕ್ಕ ಸರಿಯಾಗಿರಬೇಕು. ಒಂದು ಜಾಗವನ್ನು ಮೊದಲೇ ‘ಏನೂ ಇಲ್ಲದ್ದು’ ಎಂದು ಬರೆದಿಟ್ಟರೆ, ಕಳೆದುಕೊಂಡದ್ದರ ಕಾಲಂನಲ್ಲಿ ಯಾವಾಗಲೂ ಸೊನ್ನೆಯೇ ಬರುತ್ತದೆ.

ಹೋಗುವವರಿಗೆ ಒಂದೆರಡು ಮಾತು

ಮೈದನಹಳ್ಳಿ ಬೆಂಗಳೂರಿನಿಂದ ಸುಮಾರು 150 ಕಿ.ಮೀ. ಬೆಳಿಗ್ಗೆ ಬೇಗ ಅಥವಾ ಇಳಿಹೊತ್ತಿನಲ್ಲಿ ಹೋದರೆ ಚೆನ್ನ. ನೆತ್ತಿಯ ಮೇಲೆ ಬಿಸಿಲಿರುವಾಗ ಜಿಂಕೆಯೂ ನೆರಳು ಹುಡುಕುತ್ತದೆ. ಮುಂಗಾರು ಮುಗಿದ ಮೇಲಿನ ತಿಂಗಳುಗಳಲ್ಲಿ ಹುಲ್ಲು ಹಸಿರಾಗಿರುತ್ತದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹಾರಿಯರ್ ಗಿಡುಗಗಳು ಹುಲ್ಲಿನ ಮೇಲೆ ತೇಲಾಡುವುದನ್ನು ನೋಡಬಹುದು. ಹೋಗುವ ಮೊದಲು ಅರಣ್ಯ ಇಲಾಖೆಯ ಅನುಮತಿ ಕೇಳಿ. ವಾಹನವನ್ನು ದಾರಿ ಬಿಟ್ಟು ಹುಲ್ಲಿಗೆ ಇಳಿಸಬೇಡಿ. ಚಕ್ರದಡಿ ಮರಿ ಮಲಗಿರಬಹುದು. ಓಡುವ ಚಿತ್ರ ಬೇಕೆಂದು ಹಿಂಡನ್ನು ಅಟ್ಟಬೇಡಿ. ಹಟ್ಟಿಗೆ ಹೋಗುವುದಾದರೆ ಹಿರಿಯರನ್ನು ಕೇಳಿ, ಅವರು ಹೇಳಿದ ಕಡೆ ಚಪ್ಪಲಿ ಬಿಟ್ಟು ಒಳಗೆ ಹೋಗಿ.

ಟಿಕೆಟ್ ಕೌಂಟರ್, ಗಾಜಿನ ಮನೆ, ಧ್ವನಿವರ್ಧಕದ ವಿವರಣೆ ಇವೇನೂ ಅಲ್ಲಿಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ದೂರದಲ್ಲಿ ಕುಳಿತು ಕಾಯಬೇಕು. ಒಂದು ತಾಸಿನಲ್ಲಿ ಕಣ್ಣು ಬಯಲಿಗೆ ಒಗ್ಗುತ್ತದೆ. ಕಡ್ಡಿ ಎಂದುಕೊಂಡದ್ದು ಕೊಂಬಾಗುತ್ತದೆ, ಮಣ್ಣಿನ ಹೆಂಟೆ ಎಂದುಕೊಂಡದ್ದು ಗೌಜಲಾಗಿ ಎದ್ದು ಹಾರುತ್ತದೆ. ವಾಪಸು ಬಂದಾಗ ಹೊಳವನಹಳ್ಳಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ಮತ್ತೆ ‘ಏನೈತೆ ಅಲ್ಲಿ?’ ಎಂದು ಕೇಳಿದರೆ, ನೀವು ಕಂಡದ್ದನ್ನು ಹೇಳಿ. ಅವರ ಅಜ್ಜಂದಿರು ಅದೇ ಬಯಲಿನಲ್ಲಿ ಕುರಿ ಕಾದಿದ್ದರೆ, ನಿಮಗಿಂತ ಹೆಚ್ಚು ಹೇಳಲು ಅವರಿಗೇ ಇದ್ದೀತು. ಬಸ್ಸು ಬರುವ ತನಕ ಕೇಳಿಸಿಕೊಳ್ಳಿ.